ಮಲೆನಾಡಿನ ಹುಲ್ಲಿನಲ್ಲಿ ಕುರಿಗಳ ಪೋಷಣೆ

ವರದಮೂಲದ ಸುತ್ತಣ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ತಿಳಿವಳಿಕೆಗಾಗಿ

ಇಕ್ಕೇರಿಗೆ ಸಮೀಪದ ವರದಮೂಲದಲ್ಲಿ ಹುಟ್ಟುವ ವರದಾನದಿಯು ಬನವಾಸಿಯನ್ನು ಬಳಸಿ ಹರಿದು, ಹಾವೇರಿ ಸೀಮೆಯ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುವುದು. ಈ ನದಿ ಹುಟ್ಟುವ ಕಡೆಯಲ್ಲಿ ಕುರಿಗಳು ಅಪರೂಪ. ಅದು ಕೂಡುವ ಕಡೆಯಲ್ಲಿ ಮಂದೆಗಳಿಗೆ ಲೆಕ್ಕವಿಲ್ಲ. ಮೇಲಣ ಸೀಮೆಯ ರೈತನು ಸಸಿ ನೆಡುವಾಗ ಹೊದೆಯುತ್ತಿದ್ದ ಕಂಬಳಿಕೊಪ್ಪೆಯ ಉಣ್ಣೆಯು ಸಹ ಬಯಲುಸೀಮೆಯ ಕುರಿಯದೇ. ಹುಲ್ಲು, ನೀರು, ನೆರಳು ಈ ಮೂರೂ ಯಥೇಚ್ಛವಾಗಿರುವ ಸ್ಥಳದಲ್ಲಿ ಕುರಿಯು ಏಕೆ ನಿಲ್ಲದು, ಮುಳ್ಳುಕಂಟಿಗಳ ಬಯಲಿನಲ್ಲಿ ಅದು ಹೇಗೆ ಬದುಕುವುದು ಎಂಬ ಪ್ರಶ್ನೆಯನ್ನು ಮಲೆನಾಡಿನ ರೈತರು ಆಗಾಗ್ಗೆ ಕೇಳುವುದುಂಟು. ಇದಕ್ಕೆ ಉತ್ತರವು ಬಹುಮಟ್ಟಿಗೆ ಕುರಿಯ ಹೊಟ್ಟೆಯಲ್ಲಿಯೇ ಇದೆ.

ಮಾಂಸಕ್ಕೆ ಒಳ್ಳೆಯ ಬೆಲೆ ಬರುತ್ತಿರುವುದರಿಂದಲೂ, ಅಡಿಕೆ ತೋಟಗಳಿಗೆ ಕೊಟ್ಟಿಗೆ ಗೊಬ್ಬರವು ಸಾಲದೆ ಬರುತ್ತಿರುವುದರಿಂದಲೂ, ಕೆಲವು ಹಿಡುವಳಿದಾರರು ಸುಗ್ಗಿಯ ಕಾಲದಲ್ಲಿ ಬಯಲುಸೀಮೆಯ ಸಂತೆಗಳಿಂದ ಹತ್ತಿಪ್ಪತ್ತು ಕುರಿಗಳನ್ನು ಕೊಂಡು ತರುವರು. ಮಾಘ ಫಾಲ್ಗುಣಗಳವರೆಗೆ ಅವು ಚೆನ್ನಾಗಿಯೇ ಕಾಣುವುವು. ಆರಿದ್ರಾ ಮಳೆಗೆ ಒಂದೆರಡು ಕುಂಟಲು ತೊಡಗುವುವು. ಪುಷ್ಯ, ಆಶ್ಲೇಷಗಳು ಮುಗಿಯುವ ಹೊತ್ತಿಗೆ ಹಟ್ಟಿಯು ಅರ್ಧ ಬರಿದಾಗಿ, ಉಳಿದವುಗಳಿಗೆ ಎದ್ದು ನಿಲ್ಲುವ ತ್ರಾಣವೂ ಇರುವುದಿಲ್ಲ. ಒಡೆಯನು ಇದನ್ನು ದೃಷ್ಟಿದೋಷವೆಂದೋ ಈ ನೆಲಕ್ಕೆ ಕುರಿ ಆಗಿಬರದೆಂದೋ ಹೇಳಿ ಕೈಬಿಡುವನು. ಆದರೆ ಸತ್ತ ಕುರಿಯ ಹೊಟ್ಟೆಯನ್ನು ಸೀಳಿ ನೋಡಿದರೆ ಹುಲ್ಲು ತುಂಬಿರುವುದು. ಹೊಟ್ಟೆ ತುಂಬಿದ್ದೂ ಉಪವಾಸದಿಂದ ಸತ್ತ ಪ್ರಾಣಿಯಿದು. ಸಾಲ ಮಾಡಿ ತಂದ ಹಣವು ಹೀಗೆ ಒಂದೇ ಮಳೆಗಾಲದಲ್ಲಿ ಕೊಚ್ಚಿಹೋಗುವುದರಿಂದ, ಕಾರಣವನ್ನು ಮೊದಲೇ ತಿಳಿದಿರುವುದು ಲೇಸು.

ಕುರಿಯ ಹೊಟ್ಟೆ

ಕುರಿಯು ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯಲ್ಲಿರುವ ನಾಲ್ಕು ಅರೆಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು. ದೋಸೆಯ ಹಿಟ್ಟು ಪಾತ್ರೆಯಲ್ಲಿ ಹುದುಗುವಂತೆ ತಿಂದ ಹುಲ್ಲೆಲ್ಲವೂ ಅಲ್ಲಿ ಹುದುಗುವುದು. ಹುದುಗಿಸುವ ಕೆಲಸವು ಕುರಿಯದಲ್ಲ, ಅಲ್ಲಿ ವಾಸಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳದು. ಹುಲ್ಲಿನ ನಾರನ್ನು ಕರಗಿಸುವ ಶಕ್ತಿಯು ಅವುಗಳಿಗೆ ಮಾತ್ರವೇ ಉಂಟು. ಅವು ಹುಲ್ಲನ್ನು ತಿಂದು ಬೆಳೆಯುವುವು. ಬೆಳೆದ ಅವುಗಳನ್ನು ಮುಂದಣ ಅರೆಗಳಲ್ಲಿ ಕುರಿಯು ಜೀರ್ಣಿಸಿಕೊಳ್ಳುವುದು. ಆದುದರಿಂದ ಕುರಿಗೆ ಮೇವು ಹಾಕುವುದೆಂದರೆ ಮೊದಲು ಈ ಸೂಕ್ಷ್ಮಜೀವಿಗಳಿಗೆ ಊಟವಿಕ್ಕುವುದೆಂದೇ ಅರ್ಥ. ಅವುಗಳಿಗೆ ನಾರು ಮಾತ್ರ ಸಾಲದು. ಈಗ ಎಲ್ಲರೂ ಪ್ರೋಟೀನು ಎಂದು ಕರೆಯುವ ಸಸಾರಜನಕ ಪದಾರ್ಥವೂ, ಉಪ್ಪು, ಸುಣ್ಣ, ರಂಜಕ ಮೊದಲಾದ ಖನಿಜಗಳೂ ಬೇಕು. ಒಣಗಿದ ಮೇವಿನ ತೂಕದಲ್ಲಿ ಪ್ರೋಟೀನು ನೂರಕ್ಕೆ 7 ಭಾಗಕ್ಕಿಂತ ಕೆಳಗಿಳಿದರೆ ಸೂಕ್ಷ್ಮಜೀವಿಗಳು ಸೊರಗಿ, ಹುದುಗುವಿಕೆಯು ನಿಧಾನವಾಗಿ, ಹುಲ್ಲು ಮುಂದಕ್ಕೆ ಸರಿಯದೆ ಹೊಟ್ಟೆಯಲ್ಲಿಯೇ ಕುಳಿತುಬಿಡುವುದು. ಕುರಿಗೆ ಹಸಿವೆಯೇ ತೋರದು. ದಿನದಿನಕ್ಕೆ ಅದು ತಿನ್ನುವುದು ಕಡಮೆಯಾಗುವುದು. ಹೊಟ್ಟೆ ತುಂಬಿದ ಉಪವಾಸವೆಂದರೆ ಇದೇ.

ಮಳೆಗಾಲದ ಹುಲ್ಲು, ಬೇಸಗೆಯ ಕರಡ

30 ಕಿಲೋಗ್ರಾಂ ತೂಕದ ತಾಯಿಕುರಿಗೆ ದಿನವೊಂದಕ್ಕೆ, ನೀರಿನ ಅಂಶವನ್ನು ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 1 ಕಿಲೋಗ್ರಾಂ ಮೇವು ಬೇಕು. ಜೂನ್ ಜುಲೈ ತಿಂಗಳುಗಳ ಎಳೆಯ ಹುಲ್ಲಿನಲ್ಲಿ ಐದು ಪಾಲಿಗೆ ನಾಲ್ಕು ಪಾಲು ನೀರೇ ಇರುವುದು. ಅಂದರೆ ಕುರಿಯು 5 ಕಿಲೋಗ್ರಾಂಗೂ ಮಿಕ್ಕ ಹುಲ್ಲನ್ನು ತನ್ನ ಸಣ್ಣ ಬಾಯಿಯಿಂದ ಕೊರೆದು ಕೊರೆದು ತಿನ್ನಬೇಕಾಯಿತು. ಬಯಲಿನಲ್ಲಿ ಅದು ದಿನಕ್ಕೆ ಏಳೆಂಟು ಗಂಟೆ ಮೇಯುವುದು. ಮಲೆನಾಡಿನಲ್ಲಿ ಜಡಿಮಳೆ ಹಿಡಿದ ದಿನ ಮರದಡಿ ತಲೆ ತಗ್ಗಿಸಿ ನಿಲ್ಲುವುದೇ ಹೆಚ್ಚು. ಹಾವೇರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಅದು 7,000ವನ್ನೂ ಮೀರುವುದು. ಬಯಲುಸೀಮೆಯ ದಖ್ಖನಿ ಕುರಿಯ ಉಣ್ಣೆಯು ಒಮ್ಮೆ ನೆನೆದರೆ ಎರಡು ದಿನ ಆರದು. ತಿಂದುದರಲ್ಲಿ ಒಂದು ಭಾಗವು ಮೈಯನ್ನು ಬೆಚ್ಚಗಿಡುವುದಕ್ಕೇ ಖರ್ಚಾಗಿಹೋಗುವುದು. ಮೇಯುವ ಹೊತ್ತು ಕಡಮೆ, ಮೇವಿನಲ್ಲಿ ಸತ್ವವು ತೆಳು, ಖರ್ಚು ಹೆಚ್ಚು: ಈ ಮೂರು ಸೇರಿದರೆ ಯಾವ ಸಂಸಾರ ತಾನೇ ನಿಂತೀತು?

ಇದಕ್ಕೆ ಉಪಾಯವು ಕಷ್ಟದ್ದೇನಲ್ಲ. ಮಳೆಗಾಲದಲ್ಲಿ ಕುರಿಯನ್ನು ಹಸಿದ ಹೊಟ್ಟೆಯಲ್ಲಿ ಹೊರಕ್ಕೆ ಬಿಡಕೂಡದು. ಮುಂಜಾನೆ ತಲೆಗೆ 300 ಗ್ರಾಂನಷ್ಟು ಚೆನ್ನಾಗಿ ಒಣಗಿದ ಹುರುಳಿಹೊಟ್ಟನ್ನಾಗಲಿ, ಬಣವೆಯ ಒಳಮೈಯಿಂದ ಕಿತ್ತ ಭತ್ತದ ಹುಲ್ಲನ್ನಾಗಲಿ ಹಾಕಿ, ಅದನ್ನು ತಿಂದ ಮೇಲೆ ಹೊರಡಿಸತಕ್ಕದ್ದು. ಒಣಮೇವು ಒಳಗಿದ್ದರೆ ಎಳೆಹುಲ್ಲಿನಿಂದ ಹೊಟ್ಟೆ ಉಬ್ಬರಿಸುವ ಭಯವೂ, ನೀರುಭೇದಿಯೂ ಕಡಮೆಯಾಗುವುವು. ಬೂಷ್ಟು ಹಿಡಿದ ಹುಲ್ಲು ಮಾತ್ರ ಬೇಡವೇ ಬೇಡ; ದನ ಮೂಸಿ ಬಿಟ್ಟದ್ದನ್ನು ಕುರಿಗೆ ಹಾಕುವ ಅಭ್ಯಾಸವನ್ನು ಕೆಲವು ಮನೆಗಳಲ್ಲಿ ಕಾಣಬಹುದು. ಅದು ಉಳಿತಾಯವಲ್ಲ.

ಮೊದಲ ಮಳೆಯ ಚಿಗುರಿಗೆ ಒಮ್ಮೆಲೆ ಬಿಟ್ಟ ಮಂದೆಯಲ್ಲಿ, ಒಳ್ಳೆಯ ಮೈಕಟ್ಟಿನ ಮರಿಗಳೇ ಸಾಯಂಕಾಲ ಸರಿಯಾಗಿದ್ದು ಬೆಳಗ್ಗೆ ಸತ್ತು ಬಿದ್ದಿರುವುದುಂಟು. ಇದು ಕರುಳುಬೇನೆ. ಕರುಳಿನಲ್ಲಿ ಸಹಜವಾಗಿಯೇ ಇರುವ ಒಂದು ಸೂಕ್ಷ್ಮಜೀವಿಯು ಹಠಾತ್ತಾಗಿ ದೊರೆತ ಎಳೆಮೇವಿನಲ್ಲಿ ಹೆಚ್ಚಿ ವಿಷವನ್ನು ಕಾರುವುದೇ ಇದರ ಕಾರಣ. ಮೇ ತಿಂಗಳೊಳಗಾಗಿ ಚುಚ್ಚುಮದ್ದು ಹಾಕಿಸಿ, ಚಿಗುರಿನ ಮೇವಿಗೆ ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಮಾತ್ರ ಬಿಟ್ಟು ಅಭ್ಯಾಸ ಮಾಡಿಸತಕ್ಕದ್ದು.

ಇನ್ನು ದೀಪಾವಳಿ ಕಳೆದ ಮೇಲಿನ ಮಾತು. ಬೇಣ, ಹಕ್ಕಲುಗಳ ಹುಲ್ಲು ತೆನೆಯೊಡೆದು ಕೆಲವೇ ವಾರಗಳಲ್ಲಿ ಕರಡವಾಗುವುದು. ಇಲ್ಲಿನ ಜಂಬಿಟ್ಟಿಗೆಯ ನೆಲದಲ್ಲಿ ಸುಣ್ಣ, ರಂಜಕಗಳು ಶತಮಾನಗಳ ಮಳೆಗೆ ತೊಳೆದುಹೋಗಿರುವುದರಿಂದ ಹುಲ್ಲಿನಲ್ಲಿಯೂ ಅವು ಕೊರತೆಯೇ. ಒಣಗಿದ ಕರಡದಲ್ಲಿ ಪ್ರೋಟೀನು ನೂರಕ್ಕೆ 3ರಿಂದ 5. ಭತ್ತದ ಹುಲ್ಲಿನಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಮಲೆನಾಡು ಗಿಡ್ಡ ದನವು ತನ್ನ ಸಣ್ಣ ಮೈಯಿಂದಲೂ, ತಲೆಮಾರುಗಳಿಂದ ಬಂದ ಒಗ್ಗಿಕೆಯಿಂದಲೂ ಇದರಲ್ಲಿಯೇ ಕಾಲ ಹಾಕುವುದು. ಹೊಸದಾಗಿ ಬಂದ ಕುರಿಗೆ ಆ ವಿದ್ಯೆ ಬಾರದು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಕುರಿಯು 1 ಕಿಲೋಗ್ರಾಂ ಕರಡವನ್ನು ತಿಂದರೆ ಅದಕ್ಕೆ ಸುಮಾರು 40 ಗ್ರಾಂ ಪ್ರೋಟೀನು ಸಿಕ್ಕುವುದು. ನೆಲಗಡಲೆ ಹಿಂಡಿಯಲ್ಲಿ ನೂರಕ್ಕೆ 40 ಭಾಗಕ್ಕೂ ಕಡಮೆಯಿಲ್ಲದಷ್ಟು ಪ್ರೋಟೀನು ಇರುವುದರಿಂದ, 100 ಗ್ರಾಂ ಹಿಂಡಿಯಲ್ಲಿ ಇನ್ನೊಂದು 40 ಗ್ರಾಂ ದೊರೆಯಿತು. ಒಂದು ಹಿಡಿ ಹಿಂಡಿಯಿಂದ ಆಹಾರದ ಪ್ರೋಟೀನು ಇಮ್ಮಡಿಯಾಗಿ, ಮೇಲೆ ಹೇಳಿದ ನೂರಕ್ಕೆ 7ರ ಗೆರೆಯನ್ನು ದಾಟಿತು. ಅಷ್ಟರಿಂದಲೇ ಹೊಟ್ಟೆಯಲ್ಲಿ ಕುಳಿತಿದ್ದ ಕರಡವೂ ಕರಗತೊಡಗುವುದು. ಹಿಂಡಿಯ ಬೆಲೆಯು ಹಿಂಡಿಗಷ್ಟೇ ಅಲ್ಲ, ಕರಡಕ್ಕೂ ಸೇರಿ ಸಂದಿತೆಂದು ತಿಳಿಯಬೇಕು. ಹಿಂಡಿ ದುಬಾರಿಯೆನ್ನುವವರು 200 ಗ್ರಾಂ ಹುರುಳಿಯನ್ನು ಬೇಯಿಸಿ ಇಲ್ಲವೆ ನುಚ್ಚು ಮಾಡಿ ಕೊಡಬಹುದು. ಬರಿಯ ತೌಡಿನಿಂದ ಈ ಕೆಲಸವು ಪೂರ್ತಿ ಆಗದು.

ಇವೆರಡಕ್ಕಿಂತ ಅಗ್ಗವಾದುದು ಹಿತ್ತಲಿನಲ್ಲಿಯೇ ಉಂಟು. ಒಂದು ಕಿಲೋಗ್ರಾಂ ಹಸಿಯ ಹಲಸಿನ ಸೊಪ್ಪಿನಿಂದ ಸಿಕ್ಕುವ ಪ್ರೋಟೀನು ಸರಿಸುಮಾರು ಆ 100 ಗ್ರಾಂ ಹಿಂಡಿಯಷ್ಟೇ. ಮೆಣಸಿನ ಬಳ್ಳಿಗೆ ಆಸರೆಯಾಗಿ ನೆಟ್ಟ ಹಾಲವಾಣದ ಸೊಪ್ಪೂ, ಬೇಲಿಯ ಗೊಬ್ಬರದ ಗಿಡದ ಸೊಪ್ಪೂ ಇದಕ್ಕಿಂತ ಮೇಲು. ಗೊಬ್ಬರದ ಗಿಡದ ವಾಸನೆಗೆ ಕುರಿ ಮೊದಲು ಮೂತಿ ತಿರುಗಿಸುವುದು. ಒಂದು ರಾತ್ರಿ ಬಾಡಿಸಿ ಬೇರೆ ಸೊಪ್ಪಿನೊಡನೆ ಬೆರೆಸಿ ಹಾಕಿದರೆ ಕ್ರಮೇಣ ಒಗ್ಗುವುದು. ಸುಬಾಬುಲ್ ಸೊಪ್ಪನ್ನು ಮೇವಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹಾಕಿದರೆ ಉಣ್ಣೆ ಉದುರುವುದು.

ಸೊಪ್ಪಿನಬೆಟ್ಟದ ಸೊಪ್ಪನ್ನು ಕುರಿಗೆ ಹಾಕಿದರೆ ತೋಟಕ್ಕೆ ಅಷ್ಟೂ ನಷ್ಟವಾಯಿತೆಂಬುದು ತೋಟಿಗರ ಸಾಮಾನ್ಯವಾದ ಆಕ್ಷೇಪಣೆ. ಇದು ಪೂರ್ತಿ ನಿಜವಲ್ಲ. ತಿಂದ ಸೊಪ್ಪಿನಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಷುಗಳ ಬಹುಪಾಲು ಹಿಕ್ಕೆ ಮತ್ತು ಗಂಜಲಗಳ ಮೂಲಕ ಹಿಂದಿರುಗುವುದು. ಕುರಿಯು ತನಗಾಗಿ ಇಟ್ಟುಕೊಳ್ಳುವುದು ಅಲ್ಪ ಭಾಗ ಮಾತ್ರ. ಗಂಜಲವು ಹರಿದುಹೋಗದಂತೆ ಕೆಳಗೆ ದರಕು ಹರಡಿದ್ದರೆ ತೋಟಕ್ಕೆ ನಷ್ಟವು ಹೆಚ್ಚೇನೂ ಇಲ್ಲ.

ಲಂಟಾನದ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಊರಕುರಿಯು ಸಾಮಾನ್ಯವಾಗಿ ಅದನ್ನು ಮುಟ್ಟದು. ದೂರದಿಂದ ಹಸಿದು ಬಂದ ಕುರಿ ಮುಟ್ಟುವುದು. ಅದನ್ನು ತಿಂದ ಕುರಿಗೆ ಕಾಮಾಲೆಯುಂಟಾಗಿ, ಬಿಸಿಲಿಗೆ ಕಿವಿ ಮೂತಿಗಳು ಊದಿ ಬಿರಿಯುವುವು. ಇಂಥ ಕುರಿಯನ್ನು ಕೂಡಲೇ ಕತ್ತಲೆಯ ಕೊಟ್ಟಿಗೆಗೆ ಸೇರಿಸಿ ವೈದ್ಯರಿಗೆ ತಿಳಿಸಬೇಕು. ಯುಪಟೋರಿಯಂ ಗಿಡವು ಗೋಮಾಳಗಳನ್ನು ಮುಚ್ಚಿಕೊಂಡು ಬರುತ್ತಿರುವುದು ಎಲ್ಲರ ಕಣ್ಣೆದುರಿಗೇ ಇದೆ. ಕುರಿ ಅದನ್ನು ತಿನ್ನದು. ಅದು ಹಬ್ಬಿದಷ್ಟು ಮೇವು ಕಡಮೆಯಾಯಿತೆಂದೇ ಲೆಕ್ಕ. ಗ್ರಾಮಸ್ಥರು ಒಟ್ಟಾಗಿ ಹೂಬಿಡುವ ಮುಂಚೆ ಕಿತ್ತರೆ ಮಾತ್ರ ಪ್ರಯೋಜನ.

ತೋಟದೊಳಗಿನ ವಿಷ

ಅಡಿಕೆ ತೋಟದ ನೆಲದಲ್ಲಿ ಹಸುರು ಹುಲ್ಲು ಬೆಳೆದಿರುವುದನ್ನು ಕಂಡು, ಕುರಿಗಳನ್ನು ಬಿಟ್ಟರೆ ಕಳೆಯೂ ಹೋಯಿತು, ಗೊಬ್ಬರವೂ ಬಿತ್ತು ಎಂದು ಎಣಿಸುವವರುಂಟು. ಇದರಲ್ಲಿ ದೊಡ್ಡ ಅಪಾಯವಿದೆ. ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲಲ್ಲಿ, ಎಂದರೆ 1910ರ ಸುಮಾರಿಗೆ, ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದು ಮುಂದೆ ಕೃಷಿ ಇಲಾಖೆಯ ಡೈರೆಕ್ಟರಾದ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಪರೀಕ್ಷಿಸಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಪ್ರಚಾರಕ್ಕೆ ತಂದರು. ಮಲೆನಾಡಿನ ತೋಟಗಳು ಅದರಿಂದ ಉಳಿದವು. ನೂರು ಲೀಟರು ನೀರಿಗೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ ಎಂಬ ಪ್ರಮಾಣವನ್ನು ಇಲ್ಲಿ ಅರಿಯದವರಿಲ್ಲ. ಈ ಮೈಲುತುತ್ತದಲ್ಲಿರುವ ತಾಮ್ರವೇ ಕುರಿಗೆ ವಿಷ.

ದನಕ್ಕೆ ಏನೂ ಮಾಡದಷ್ಟು ತಾಮ್ರವು ಕುರಿಯನ್ನು ಕೊಲ್ಲಬಲ್ಲುದು. ಹೆಚ್ಚಾದ ತಾಮ್ರವನ್ನು ಹೊರಹಾಕುವ ಶಕ್ತಿ ಕುರಿಯ ಯಕೃತ್ತಿಗೆ ಬಲು ಕಡಮೆ. ದಿನಕ್ಕಿಷ್ಟರಂತೆ ತಿಂದುದೆಲ್ಲವೂ ಅಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಶೇಖರವಾಗುತ್ತ ಬರುವುದು. ಆವರೆಗೆ ಕುರಿಯಲ್ಲಿ ಯಾವ ಚಿಹ್ನೆಯೂ ಇರುವುದಿಲ್ಲ. ಒಂದು ದಿನ, ಹೆಚ್ಚಾಗಿ ದೂರ ನಡೆಸಿದಾಗಲೋ ಮೇವು ತಪ್ಪಿದಾಗಲೋ, ಸಂಗ್ರಹವೆಲ್ಲ ಒಮ್ಮೆಗೇ ರಕ್ತಕ್ಕೆ ನುಗ್ಗಿ, ಕಣ್ಣು ಬಾಯಿಗಳು ಹಳದಿಯಾಗಿ, ಗಂಜಲವು ಕೆಂಪುಕಪ್ಪಾಗಿ ಒಂದೆರಡು ದಿನಗಳಲ್ಲಿ ಸಾಯುವುದು. ತಾಮ್ರದ ಔಷಧ ಸಿಂಪಡಿಸುವ ಹಣ್ಣಿನ ತೋಟಗಳಲ್ಲಿ ಕುರಿಗಳು ಹೀಗೆ ಸತ್ತಿರುವುದು ಅನ್ಯದೇಶಗಳಲ್ಲಿಯೂ ತಿಳಿದ ವಿಷಯ. ಆದುದರಿಂದ ಸಿಂಪರಣೆ ನಡೆಯುವ ತೋಟಕ್ಕೆ ಕುರಿಗಳನ್ನು ಬಿಡಕೂಡದು. ಅಲ್ಲಿನ ಹುಲ್ಲನ್ನು ಕೊಯ್ದು ತಂದೂ ಹಾಕಕೂಡದು. ಅಡಿಕೆಯ ಹಾಳೆಯನ್ನು ಕತ್ತರಿಸಿ ದನಗಳಿಗೆ ಹಾಕುವ ವಾಡಿಕೆ ಈ ಸೀಮೆಯಲ್ಲಿ ಹಳೆಯದು. ಔಷಧದ ನೀಲಿಕಲೆ ಬಿದ್ದ ಹಾಳೆ ಕುರಿಗೆ ನಿಷಿದ್ಧ. ಇದೇ ಕಾರಣದಿಂದ ದನಗಳ ಖನಿಜ ಮಿಶ್ರಣವನ್ನೂ, ದನಗಳಿಗೆಂದು ತಯಾರಾದ ಚೀಲದ ಆಹಾರವನ್ನೂ ಕುರಿಗೆ ಹಾಕಬಾರದು. ಅವುಗಳಲ್ಲಿ ತಾಮ್ರವನ್ನು ದನದ ಅಳತೆಗೆ ಬೆರೆಸಿರುವರು. ಕುರಿಗೆಂದೇ ಮಾಡಿದ ಮಿಶ್ರಣವು ದೊರೆಯುವುದು. ಅದು ಸಿಕ್ಕದಿದ್ದರೆ ತಲೆಗೆ ದಿನಕ್ಕೆ 5ರಿಂದ 10 ಗ್ರಾಂ ಅಡಿಗೆ ಉಪ್ಪನ್ನಾದರೂ ತಪ್ಪಿಸಕೂಡದು.

ತೇವದ ಗದ್ದೆ

ತಿಂದದ್ದು ಮೈಗೆ ಹತ್ತಬೇಕಾದರೆ ಒಳಗೆ ಪಾಲುಗಾರರು ಇರಬಾರದು. ಬೈಲುಗದ್ದೆಯ ನಿಂತ ನೀರಿನಲ್ಲಿ ಒಂದು ಜಾತಿಯ ಸಣ್ಣ ಬಸವನಹುಳುವಿದೆ. ಯಕೃತ್ತಿಗೆ ಹತ್ತುವ ಎಲೆಯಾಕಾರದ ಚಪ್ಪಟೆ ಹುಳುವಿನ ಮರಿಗಳು ಅದರ ಮೈಯಲ್ಲಿ ಬೆಳೆದು ಹೊರಬಂದು, ನೀರಂಚಿನ ಹುಲ್ಲಿಗೂ ಭತ್ತದ ಕೂಳೆಗೂ ಕಣ್ಣಿಗೆ ಕಾಣದ ಗುಳ್ಳೆಗಳಾಗಿ ಅಂಟಿಕೊಳ್ಳುವುವು. ಕೊಯ್ಲಾದ ಮಾರನೆಯ ದಿನವೇ ತೇವದ ಗದ್ದೆಗೆ ಬಿಟ್ಟ ಕುರಿಯು ಅವುಗಳನ್ನು ಹುಲ್ಲಿನೊಡನೆ ನುಂಗುವುದು. ಮೂರು ನಾಲ್ಕು ತಿಂಗಳ ಮೇಲೆ ಕುರಿ ಬಡಕಲಾಗಿ, ಗದ್ದದ ಕೆಳಗೆ ನೀರುಬಾವು ತೋರುವುದು. ಆಗ ಎಷ್ಟು ಹಿಂಡಿ ಹಾಕಿದರೂ ವ್ಯರ್ಥ. ಮೊದಲು ಮಕ್ಕಿಗದ್ದೆಗಳಲ್ಲಿ ಮೇಯಿಸಿ, ಬೈಲುಗದ್ದೆಯು ಬಿಸಿಲಿಗೆ ಬಿರುಕು ಬಿಟ್ಟ ಮೇಲೆ ಅಲ್ಲಿಗೆ ಇಳಿಸುವುದು ಕ್ಷೇಮ. ಮುಂಜಾನೆ ಇಬ್ಬನಿ ಆರುವವರೆಗೆ ಹಟ್ಟಿಯಲ್ಲಿಯೇ ನಿಲ್ಲಿಸಬೇಕು. ಕರುಳಿನ ರಕ್ತ ಹೀರುವ ಸಣ್ಣ ಹುಳುಗಳ ಮರಿಗಳು ತೇವದಲ್ಲಿಯೇ ಹುಲ್ಲಿನ ತುದಿಗೆ ಏರುವುವು. ಕುಡಿಯುವ ನೀರು ಒರತೆಯದೋ ಬಾವಿಯದೋ ಆಗಿರಲಿ, ಗದ್ದೆಯ ಬಸಿಗಾಲುವೆಯದು ಬೇಡ.

ಕುರಿ ಬಡಕಲಾಗಿರುವುದು ಕಣ್ಣಿಗೆ ತಿಳಿಯದು, ಏಕೆಂದರೆ ಉಣ್ಣೆಯು ಮುಚ್ಚಿಕೊಂಡಿರುವುದು. ಸೊಂಟದ ಮೇಲೆ ಕೈಯಿಟ್ಟು ಒತ್ತಿ ನೋಡಬೇಕು. ಬೆನ್ನುಮೂಳೆಯು ಗರಗಸದ ಹಲ್ಲಿನಂತೆ ಕೈಗೆ ತಾಗಿದರೆ ಕುರಿ ಸೊರಗಿದೆ. ಮಾಂಸದ ಕೆಳಗೆ ದುಂಡಾಗಿ ತಾಗಿದರೆ ಚಿಂತೆಯಿಲ್ಲ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದಾಗ ಒಳಭಾಗವು ಕೆಂಪಾಗಿರಬೇಕು. ಬಿಳಿಚಿಕೊಂಡಿದ್ದರೆ ಹುಳುಬಾಧೆಯೆಂದು ಸಂಶಯಪಡತಕ್ಕದ್ದು. ಕೊಳ್ಳುವಾಗ ಸಂತೆಯಲ್ಲಿಯೇ ಈ ಎರಡು ಪರೀಕ್ಷೆಗಳನ್ನು ಮಾಡಿದರೆ ದಲ್ಲಾಳಿಯ ಮಾತನ್ನು ಅಷ್ಟಾಗಿ ಕೇಳಬೇಕಾಗಿಲ್ಲ.

ಗಬ್ಬದ ಕುರಿ

ಕುರಿಯ ಗರ್ಭವು ಸುಮಾರು 150 ದಿನ. ಹೊಟ್ಟೆಯ ಮರಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಆಗಲೇ ಹೊಟ್ಟೆಯಲ್ಲಿ ಮೇವಿಗೆ ಸ್ಥಳವು ಕಡಮೆಯಾಗುವುದರಿಂದ, ಅಲ್ಪದಲ್ಲಿ ಸತ್ವವುಳ್ಳ ಆಹಾರವು ಬೇಕು: ದಿನಕ್ಕೆ 200ರಿಂದ 250 ಗ್ರಾಂ ಹುರುಳಿ, ಹಿಂಡಿ, ತೌಡುಗಳ ಮಿಶ್ರಣ. ಈ ಸೀಮೆಯಲ್ಲಿ ಟಗರನ್ನು ಯಾವಾಗ ಬಿಡಬೇಕೆಂಬುದೇ ಮುಖ್ಯ. ವರ್ಷವಿಡೀ ಕೂಡಿಬಿಟ್ಟರೆ ಕೆಲವು ಮರಿಗಳು ಆಷಾಢದ ಕೆಸರಿನಲ್ಲಿ ಹುಟ್ಟಿ ಅಲ್ಲಿಯೇ ಸಾಯುವುವು. ಜೂನ್ ತಿಂಗಳಲ್ಲಿ ಟಗರನ್ನು ಬಿಟ್ಟರೆ ಮಳೆ ಹಿಂದೆಗೆದು ಬೇಣದಲ್ಲಿ ಹುಲ್ಲು ಇನ್ನೂ ಇರುವಾಗ ಗಬ್ಬದ ಕೊನೆಯ ವಾರಗಳು ಕಳೆದು, ನವೆಂಬರಿನ ಒಣಹವೆಯಲ್ಲಿ ಮರಿ ಬೀಳುವುದು. ಟಗರು ಬಿಡುವುದಕ್ಕೆ ಎರಡು ಮೂರು ವಾರ ಮುಂಚಿನಿಂದ ಹೆಣ್ಣುಗಳಿಗೆ ಹುರುಳಿ ಹಾಕಿದರೆ ಗಬ್ಬ ನಿಲ್ಲುವುದು ಹೆಚ್ಚು. ಹುಟ್ಟಿದ ಮರಿಗೆ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು. ಹಾಲು ಹಿಂಡಿ ಚೆಲ್ಲುವ ಅಭ್ಯಾಸವಿದ್ದರೆ ಬಿಡತಕ್ಕದ್ದು.

ಬಂದುಹೋಗುವ ಮಂದೆಗಳು

ಸುಗ್ಗಿಯಾದ ಮೇಲೆ ಬಯಲುಸೀಮೆಯ ಕುರುಬರು ಮಲೆನಾಡಿನ ಅಂಚಿಗೆ ಮಂದೆಗಳನ್ನು ಹೊಡೆದುಕೊಂಡು ಬಂದು, ಗದ್ದೆಗಳಲ್ಲಿ ರಾತ್ರಿ ತಂಗಿಸಿ, ಪ್ರತಿಫಲವಾಗಿ ಭತ್ತವನ್ನೋ ಹಣವನ್ನೋ ಪಡೆಯುವ ಪದ್ಧತಿಯು ಇಬ್ಬರಿಗೂ ಲಾಭದ್ದು. ಒಣಹಿಕ್ಕೆಯಲ್ಲಿ ಸಾರಜನಕವು ನೂರಕ್ಕೆ ಸುಮಾರು 3, ಪೊಟ್ಯಾಷು 2, ರಂಜಕಾಂಶ 1. ಆದರೆ ಕುರಿಯು ಗೊಬ್ಬರವನ್ನು ಸೃಷ್ಟಿಸುವುದಿಲ್ಲ, ಹಗಲು ತಿಂದಲ್ಲಿಂದ ರಾತ್ರಿ ಮಲಗುವಲ್ಲಿಗೆ ಸಾಗಿಸುವುದು ಮಾತ್ರ. ಹಗಲು ಮೇಯಲು ಜಾಗ ತೋರಿಸದೆ, ರಾತ್ರಿ ಗದ್ದೆಯಲ್ಲಿ ಮಂದೆ ನಿಲ್ಲಿಸಿಕೊಂಡು ಗೊಬ್ಬರ ಬೀಳಲಿಲ್ಲವೆಂದು ಕುರುಬನೊಡನೆ ಜಗಳವಾಡುವುದು ನ್ಯಾಯವಲ್ಲ. ಮಂದೆ ಬರುವ ಮುಂಚೆಯೇ ಮುಖಂಡರು ಕೂಡಿ ಯಾವ ಬೇಣ, ಯಾವ ಗದ್ದೆಬಯಲು, ಎಷ್ಟು ದಿನ ಎಂಬುದನ್ನು ಗೊತ್ತುಮಾಡಿದರೆ ಕಲಹಕ್ಕೆ ಆಸ್ಪದವಿರದು.

ಕಣದ ಹತ್ತಿರ ಕುರಿಗಳನ್ನು ಸೇರಿಸಬಾರದು. ಚೆಲ್ಲಿದ ಭತ್ತವನ್ನು ಒಮ್ಮೆಗೇ ಹೊಟ್ಟೆತುಂಬ ತಿಂದ ಕುರಿಯ ಹೊಟ್ಟೆಯಲ್ಲಿ ಹುಳಿ ಮಿತಿಮೀರಿ, ಅದು ನೆಲಹಿಡಿದು ಸಾಯುವುದು.

ಕಾಡಿನೊಳಕ್ಕೆ ಮೇಯಲು ಬಿಡುವುದರಲ್ಲಿ ಕುರಿಗಿಂತ ಕುರಿಗಾಹಿಗೆ ಭಯ ಹೆಚ್ಚು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣೆಹುಳುಗಳ ಕಡಿತದಿಂದ ಹರಡುವುದು. ಅದು ಹೆಚ್ಚಾಗಿ ತೋರುವ ಡಿಸೆಂಬರಿನಿಂದ ಮೇ ವರೆಗಿನ ಕಾಲವೂ, ಮಂದೆಗಳು ಇಲ್ಲಿಗೆ ಬರುವ ಕಾಲವೂ ಒಂದೇ. 2018ರ ಕೊನೆಯಿಂದ 2019ರ ವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಆದ ಸಾವುಗಳನ್ನು ಯಾರೂ ಮರೆತಿರಲಾರರು. ಮಂಗ ಸತ್ತು ಬಿದ್ದ ಸುದ್ದಿಯಿದ್ದ ಕಾಡಿನ ಕಡೆಗೆ ಹೋಗದಂತೆ, ಪರಸ್ಥಳದಿಂದ ಬಂದ ಕುರುಬರಿಗೆ ತಿಳಿಹೇಳುವುದು ಊರಿನ ಮುಖಂಡರ ಹೊಣೆ. ಹೇಳದೆ ಹೋದರೆ ಅವರಿಗೆ ತಿಳಿಯುವ ಬಗೆಯಿಲ್ಲ.

ವರ್ಷವಿಡೀ ಕುರಿ ಸಾಕಲೇಬೇಕೆನ್ನುವವರು ಮೊದಲು ತಮ್ಮ ಊರಿನ ಮಳೆಯನ್ನು ನೋಡಬೇಕು. ಆಗುಂಬೆ, ಹುಲಿಕಲ್ ಕಡೆಯ ಘಟ್ಟದಂಚಿನಲ್ಲಿ ಇದು ಸಾಧುವಲ್ಲ. ಸಾಗರದ ಪೂರ್ವಭಾಗದಂಥ ಕಡಮೆ ಮಳೆಯ ಊರುಗಳಲ್ಲಿ, ಹತ್ತು ಹದಿನೈದಕ್ಕೆ ಮೀರದಂತೆ, ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಅಡಿಕೆದಬ್ಬೆಯ ಅಟ್ಟ ಕಟ್ಟಿಸಿ ಸಾಕಬಹುದು. ದಬ್ಬೆಗಳ ನಡುವೆ ಹಿಕ್ಕೆ ಇಳಿಯುವಷ್ಟು ಸಂದು ಇರಲಿ, ಗೊರಸು ಸಿಕ್ಕುವಷ್ಟು ಬೇಡ. ಕಾಲು ಒಣಗಿದ್ದರೆ ಗೊರಸು ಕೊಳೆಯದು. ಕುಂಟದ ಕುರಿಯೇ ಮೇಯುವ ಕುರಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ, ನಾಲ್ಕೈದು ಕುರಿಗಳ ಹೊಸ ಹಿಕ್ಕೆಯನ್ನು ಬೇರೆಬೇರೆಯಾಗಿ ಎಲೆಯಲ್ಲಿ ಕಟ್ಟಿ, ಅದೇ ದಿನ ಹತ್ತಿರದ ಪಶುವೈದ್ಯಶಾಲೆಗೆ ಪರೀಕ್ಷೆಗೆ ಕಳುಹಿಸಿ, ಅಲ್ಲಿ ಹೇಳಿದ ಹುಳುವಿನ ಔಷಧವನ್ನು ಕುರಿಯ ತೂಕಕ್ಕೆ ತಕ್ಕಂತೆ ಕುಡಿಸತಕ್ಕದ್ದು.